ಊರು ಕೇಳಬೇಡ, ಸಂತೆ ಕೇಳು

ಮೊದಲೇ ಹೇಳಿಬಿಡುತ್ತೇನೆ, ಇದನ್ನು ಓದಿ ಮುಗಿಸಿದ ಮೇಲೆ ನೀವು ‘ಈ ಹುಡುಗಿ ಬುರುಡೆ ಬಿಡೋದರಲ್ಲಿ ಎತ್ತಿದ ಕೈ’ ಅನ್ನುತ್ತೀರಿ. ಅನ್ನಿ. ನಮ್ಮ ಮನೆಯಲ್ಲಿ ಅಜ್ಜಿಯಿಂದ ಹಿಡಿದು ನಾಯಿಯವರೆಗೆ ಯಾರೂ ನನ್ನ ಮಾತನ್ನು ಪೂರ್ತಿ ನಂಬಿದ್ದಿಲ್ಲ. ಆದರೆ ಹೊಸದುರ್ಗದ ಹತ್ತಿರದ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ, ಹದಿನೇಳು ವರ್ಷದ ನಾನು ಒಂದು ಕಂಪ್ಯೂಟರ್ ಮತ್ತು ಒಂದು ಸಂತೆ ಇಟ್ಟುಕೊಂಡು ಮಲೇರಿಯಾವನ್ನು ಬೆನ್ನಟ್ಟಿದ್ದು ನಿಜ. ಸರಿ, ನಾನೊಬ್ಬಳೇ ಅಲ್ಲ. ಡಾಕ್ಟರಮ್ಮನೂ ಸ್ವಲ್ಪ ಸಹಾಯ ಮಾಡಿದರು.

ನಾನು ಆಸ್ಪತ್ರೆ ಸೇರಿದ್ದು ಗಣಿತದ ಕೃಪೆಯಿಂದ. ನಮ್ಮಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ನಾನು ಸೆಕೆಂಡ್ ಪಿಯುಸಿಯಲ್ಲಿ ಫೇಲಾದದ್ದು ಒಂದೇ ವಿಷಯದಲ್ಲಿ, ಯಾವುದು ಅಂತ ನೀವೇ ಊಹಿಸಿ. ರಿಸಲ್ಟ್ ಬಂದ ದಿನ ನಾನು ಮನೆ ಮುಟ್ಟುವ ಮುಂಚೆ ಸುದ್ದಿ ಹೊಳಲ್ಕೆರೆಗೆ ಹೋಗಿ, ಟೀ ಕುಡಿದು, ವಾಪಸ್ ಬಂದಿತ್ತು. ಅಪ್ಪ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ. ಸುಮ್ಮನೆ ಹೊಸದುರ್ಗದಲ್ಲಿ ಒಂದು ಟ್ಯೂಷನ್‌ಗೆ ಸೇರಿಸಿದರು. ಆ ಟ್ಯೂಷನ್‌ನಲ್ಲಿ ಹುಡುಗರು ಕಿಟಕಿಯಿಂದ ಆಚೆ ಉದುರುವಷ್ಟು ತುಂಬಿರುತ್ತಿದ್ದರು. ಯಾರು ಬಂದರು, ಯಾರು ಬಿಟ್ಟರು ಅನ್ನೋದು ದೇವರಿಗೂ ಗೊತ್ತಾಗುವಂತಿರಲಿಲ್ಲ.

ನಮ್ಮೂರ ಬಸ್ಸು ದಾರಿಯಲ್ಲಿ ಆಸ್ಪತ್ರೆಯ ಗೇಟಿನ ಮುಂದೆ ನಿಲ್ಲುತ್ತಿತ್ತು. ಒಂದು ದಿನ ಅಜ್ಜಿಯ ಬಿಪಿ ಮಾತ್ರೆಗೆಂದು ಇಳಿದೆ. ಒಳಗೆ, ಲಸಿಕೆ ಇಡುವ ಫ್ರಿಜ್ಜಿನ ಪಕ್ಕದಲ್ಲಿ, ಹೂವಿನ ಬಟ್ಟೆ ಹೊದ್ದು ಮಲಗಿತ್ತು ಒಂದು ಕಂಪ್ಯೂಟರ್. ಯಾವುದೋ ಯೋಜನೆಯವರು ಕೊಟ್ಟು ಹೋದದ್ದಂತೆ. ಆಯುಧಪೂಜೆಯಲ್ಲಿ ಅದಕ್ಕೆ ವಿಭೂತಿ ಬಳಿದಿದ್ದರು, ಕುಂಕುಮ ಇಟ್ಟಿದ್ದರು, ಮೌಸಿಗೂ ಒಂದು ಚೆಂಡುಹೂ ಮುಡಿಸಿದ್ದರು. ಆನ್ ಮಾಡುವುದೊಂದನ್ನು ಬಿಟ್ಟು ಅದಕ್ಕೆ ಎಲ್ಲ ಸೇವೆಯೂ ನಡೆದಿತ್ತು.

“ನಿನಗೆ ಕಂಪ್ಯೂಟರ್ ಬರುತ್ತಾ?” ಎಂದು ಡಾಕ್ಟರಮ್ಮ ಕೇಳಿದರು. ಮೈಸೂರು ಕಡೆಯವರು, ಬಂದು ಕೆಲವೇ ತಿಂಗಳಾಗಿತ್ತು.

“ಬರ್ತೈತೆ ಮೇಡಂ,” ಅಂದೆ.

ಎಷ್ಟು ಬರುತ್ತೆ ಅಂತ ಅವರು ಕೇಳಲಿಲ್ಲ. ನನಗೆ ಬರುತ್ತಿದ್ದದ್ದು ಇಸ್ಪೀಟಿನ ಆಟ ಮತ್ತು ನನ್ನ ಹೆಸರನ್ನು ಏಳು ಬಣ್ಣದಲ್ಲಿ ಬರೆಯುವುದು. ಮಾರನೇ ದಿನದಿಂದ ನಾನು ಟ್ಯೂಷನ್ ಚೀಲ ಹೆಗಲಿಗೇರಿಸಿ ಆಸ್ಪತ್ರೆಯಲ್ಲೇ ಇಳಿಯತೊಡಗಿದೆ.

ಅಲ್ಲಿ ನನ್ನನ್ನು ಮೊದಲು ಹಿಡಿದದ್ದು ಆರೋಗ್ಯ ಸಹಾಯಕ. ಸುತ್ತಲ ಹಳ್ಳಿಗಳಲ್ಲೆಲ್ಲ ಅವನು ‘ಮಲೇರಿಯಾ ಅಣ್ಣ’. ಮನೆಮನೆಗೆ ಬೈಕಿನಲ್ಲಿ ಹೋಗಿ, ಜ್ವರ ಬಂದವರ ಬೆರಳು ಚುಚ್ಚಿ, ಗಾಜಿನ ಪಟ್ಟಿಯ ಮೇಲೆ ರಕ್ತ ತರುವುದು ಅವನ ಕೆಲಸ. ಅಪ್ಪನ ಹಳೇ ಶಿಷ್ಯ ಬೇರೆ.

“ಏನ್ ಮೇಷ್ಟ್ರ ಮಗ್ಳೇ, ಟೂಷನ್ನು ಇಲ್ಲಿಗೇ ಬಂದೈತಾ?”

“ಅಣ್ಣ, ಅಪ್ಪಂಗೆ ಹೇಳ್ಬ್ಯಾಡ.”

“ನಾನ್ಯಾಕವ್ವ ಹೇಳ್ಲಿ? ನಿಮ್ಮಪ್ಪನ ಮುಂದೆ ನಿಂತ್ರೆ ನಂಗೆ ಇವತ್ತಿಗೂ ಹದಿಮೂರರ ಮಗ್ಗಿ ಮರ್ತೋಗ್ತೈತೆ.”

ಕೆಲಸ ಹೇಳುವುದಕ್ಕೆ ಸುಲಭ. ಜ್ವರದವರ ಹೆಸರು, ವಯಸ್ಸು, ಊರು ಮಲೇರಿಯಾ ಅಣ್ಣನ ಪುಸ್ತಕದಲ್ಲಿ ಇರುತ್ತಿತ್ತು. ರಕ್ತದಲ್ಲಿ ಏನು ಸಿಕ್ಕಿತು ಅನ್ನುವುದು ಲ್ಯಾಬಿನ ಪುಸ್ತಕದಲ್ಲಿ. ಮಾತ್ರೆ ಎಷ್ಟು ಹೋಯಿತು ಅನ್ನುವುದು ಔಷಧ ಕೊಡುವ ಕಿಟಕಿಯ ಪುಸ್ತಕದಲ್ಲಿ. ಅಪ್ಪ, ಅಮ್ಮ, ಮಗು ಮೂರು ಊರಲ್ಲಿ ಸಂಸಾರ ಮಾಡಿದ ಹಾಗೆ ಈ ಮೂರು ಪುಸ್ತಕಗಳು ಒಂದರ ಮುಖ ಒಂದು ನೋಡಿರಲಿಲ್ಲ. “ಒಬ್ಬ ರೋಗಿ ಅಂದರೆ ಒಂದೇ ಸಾಲು. ಯಾರು ಮಾತ್ರೆ ಪೂರ್ತಿ ಮಾಡಿದರು, ಯಾರು ಅರ್ಧಕ್ಕೆ ಬಿಟ್ಟರು, ಒಂದೇ ನೋಟಕ್ಕೆ ನನಗೆ ಕಾಣಬೇಕು,” ಅಂದರು ಡಾಕ್ಟರಮ್ಮ. ಮಾತ್ರೆ ಅರ್ಧಕ್ಕೆ ಬಿಟ್ಟರೆ ರೋಗ ಪಿತ್ತಜನಕಾಂಗದಲ್ಲಿ ಅಡಗಿ ಕೂತು, ತಿಂಗಳುಗಟ್ಟಲೆ ಆದ ಮೇಲೆ ಎದ್ದು ಬರುತ್ತದಂತೆ. ನಮ್ಮ ಚಿಕ್ಕಪ್ಪನ ಥರ.

ಆ ಕಂಪ್ಯೂಟರ್ ಶುರುವಾಗುವುದರೊಳಗೆ ಎಮ್ಮೆ ಕರು ಹಾಕಿ, ಆ ಕರು ಹಾಲು ಬಿಟ್ಟು ಮೇವಿಗೆ ಬಿದ್ದಿರುತ್ತಿತ್ತು. ಅಷ್ಟರಲ್ಲಿ ಕರೆಂಟ್ ಹೋಗುತ್ತಿತ್ತು. ಯುಪಿಎಸ್ ಕೀ ಕೀ ಅನ್ನುವಾಗ ನಾನು ‘ಸೇವ್’ ಒತ್ತಲು ಓಡುವುದನ್ನು ನೋಡಿದ್ದರೆ ಪಿ.ಟಿ. ಮೇಷ್ಟ್ರು ನನ್ನನ್ನು ರಾಜ್ಯಮಟ್ಟಕ್ಕೆ ಕಳಿಸುತ್ತಿದ್ದರು. ಒಂದು ಸಲ ಒಂದು ಕಾಲಂ ತಪ್ಪಿ ಜರುಗಿ, ಎಲ್ಲರ ಕಾಯಿಲೆ ಎಲ್ಲರಿಗೂ ಹಂಚಿಹೋಯಿತು. ಅರ್ಧ ದಿನ ನಮ್ಮ ಆಸ್ಪತ್ರೆಯ ಲೆಕ್ಕದಲ್ಲಿ ಎಂಬತ್ತು ವರ್ಷದ ಅಜ್ಜನೊಬ್ಬ ಬಸುರಿಯಾಗಿದ್ದ. ಆಮೇಲಿಂದ ದಿನಾ ಸಂಜೆ ಫ್ಲಾಪಿಗೆ ನಕಲು ತೆಗೆದು ಡಾಕ್ಟರಮ್ಮನ ಬೀರುವಿನಲ್ಲಿ ಇಡುವುದು ಕಡ್ಡಾಯವಾಯಿತು.

ಹೀಗೆ ನಾನು ಆಸ್ಪತ್ರೆಗೆ ಅನಿವಾರ್ಯಳಾಗಿದ್ದ ಕಾಲದಲ್ಲಿ, ಒಂದು ಸಂತೆ ದಿನ, ಆ ಹುಡುಗಿ ಬಂದಳು.

ನನ್ನದೇ ವಯಸ್ಸು. ಮೈತುಂಬ ಕಂಬಳಿ ಸುತ್ತಿಕೊಂಡಿದ್ದಳು, ಹಲ್ಲು ಕಟಕಟ ಅನ್ನುತ್ತಿತ್ತು. ಕುರಿ ಕಾಯುವವರ ಮನೆಯ ಹುಡುಗಿ. ಜತೆಗೆ ಅವಳ ಅಣ್ಣ, ರಬ್ಬರ್ ಬ್ಯಾಂಡು ಸುತ್ತಿದ ರೇಡಿಯೋವನ್ನು ಕೊರಳಿಗೆ ನೇತುಹಾಕಿಕೊಂಡವನು. ಅವಳ ಮೈಗೆಲ್ಲ ಜ್ವರ ಬಂದಿತ್ತು, ಬಾಯಿಯೊಂದನ್ನು ಬಿಟ್ಟು.

“ಇದ್ರಾಗೆ ಪಿಚ್ಚರ್ ಬರ್ತೈತಾ?”

“ಬರಲ್ಲ. ಇದು ಕಂಪ್ಯೂಟರ್ರು.”

“ಮತ್ಯಾಕೆ ಅದ್ರ ಮುಂದೆ ಕುಂತಿದೀಯ?”

ನಾನು ಕುರ್ಚಿಯಲ್ಲಿ ನೆಟ್ಟಗಾದೆ. “ನಿನ್ನ ಹೆಸ್ರು ಇದ್ರೊಳಗೆ ಹೋದ್ರೆ ಮುಗೀತು. ನೀನು ಎಲ್ಲಿದ್ರೂ ಹುಡುಕ್ತೈತೆ.”

“ಕುರಿ ಕಳ್ದೋದ್ರೆ?”

“ಕುರಿ ಹುಡುಕಲ್ಲ. ಮನುಷ್ಯರ್ನ ಮಾತ್ರ.”

“ನಮ್ಮ ಕುರಿಗಿಂತ ದಡ್ಡು ಬಿಡು ಹಂಗಾದ್ರೆ. ಅವು ನಮ್ಮನ್ನ ತಾವೇ ಹುಡ್ಕೊಂಡು ಬರ್ತವೆ.”

ರೇಡಿಯೋ ಅಣ್ಣ ನಕ್ಕ. ಔಷಧದ ಕಿಟಕಿಯವರೂ ನಕ್ಕರು. ನಾನು ಮುಖ ಊದಿಸಿಕೊಂಡು “ಊರು?” ಅಂದೆ. ಹಿರಿಯೂರು ಕಡೆಯ ಒಂದು ಹಟ್ಟಿಯ ಹೆಸರು ಹೇಳಿದಳು. ಟೈಪ್ ಮಾಡಿದೆ. ಮಲೇರಿಯಾ ಅಣ್ಣ ಉಂಗುರದ ಬೆರಳು ಚುಚ್ಚಿದ. ಆಗ ಜ್ವರದವರಿಗೆಲ್ಲ ಕೊಡುತ್ತಿದ್ದ ಮಾತ್ರೆ ಕೊಟ್ಟು ಕಳಿಸಿದರು.

ಲ್ಯಾಬಿನವರು ಆ ಗಾಜಿನ ಪಟ್ಟಿಗೆ ಬಣ್ಣ ಹಾಕಿ ನೋಡಿದ್ದು ಎರಡು ದಿನದ ಮೇಲೆ. ನನ್ನನ್ನೂ ಕರೆದು ಮೈಕ್ರೋಸ್ಕೋಪಿನಲ್ಲಿ ತೋರಿಸಿದರು. ನನಗೆ ಕಂಡದ್ದು ನನ್ನ ಕಣ್ಣಿನ ರೆಪ್ಪೆ. “ಅಬ್ಬಾ, ಎಷ್ಟು ದೊಡ್ಡ ಹುಳ,” ಅಂದೆ. ಯಾರೂ ನಗಲಿಲ್ಲ. ಡಾಕ್ಟರಮ್ಮ ಬಗ್ಗಿ ನೋಡಿದರು, ಮತ್ತೆ ನೋಡಿದರು.

“ಇದು ಮಾಮೂಲಿ ಜಾತಿ ಅಲ್ಲ. ಮಿದುಳಿಗೆ ಏರುವಂಥದ್ದು. ಕೊಟ್ಟ ಮಾತ್ರೆ ಸಾಲದು. ಈ ಹುಡುಗಿ ಎಲ್ಲಿದ್ದಾಳೆ?”

ನನಗೆ ಒಳಗೊಳಗೇ ಖುಷಿ. ಇದಕ್ಕೇ ತಾನೇ ಕಂಪ್ಯೂಟರ್ ಇರುವುದು! ಹೆಸರು ಒತ್ತಿದೆ, ಸಾಲು ಬಂತು, ಊರನ್ನು ಗಟ್ಟಿಯಾಗಿ ಓದಿದೆ. ಮಲೇರಿಯಾ ಅಣ್ಣ ಮಾತ್ರೆ ಕಟ್ಟಿಕೊಂಡು ಹಿರಿಯೂರು ಬಸ್ಸು ಹತ್ತಿದ. ಮಾರನೇ ದಿನ ವಾಪಸ್ ಬಂದಾಗ ಅವನ ಬಣ್ಣವೂ ರಸ್ತೆಯ ಬಣ್ಣವೂ ಒಂದೇ ಆಗಿತ್ತು.

“ಊರು ಐತೆ ಮೇಡಂ. ಮನೆ ಐತೆ. ಬಾಗ್ಲಿಗೆ ಬೀಗಾನೂ ಐತೆ. ಹುಡ್ಗಿ ಇಲ್ಲ. ಪಕ್ಕದ ಮನೆ ತಾತ ‘ಯುಗಾದಿಗೆ ಬರ್ತಾರೆ, ಕುಂತ್ಕಳ್ರಿ’ ಅಂತು.”

ಯುಗಾದಿಗೆ ಇನ್ನೂ ಯಾವ ಕಾಲವೋ ಇತ್ತು. ಆಗ ನಮಗೆ ಹೊಳೆದದ್ದು ಇಷ್ಟೇ. ಕುರಿಯವರನ್ನು ‘ಊರು ಯಾವುದು’ ಎಂದು ಕೇಳಿದರೆ ಅವರು ಮನೆದೇವರು ಇರುವ ಊರನ್ನು ಹೇಳುತ್ತಾರೆ. ಆ ಊರಿಗೆ ಕಾಲಿಟ್ಟು ಅರ್ಧ ವರ್ಷ ಆಗಿದ್ದರೂ ಊರು ಅದೇ. ಮಂದೆ ಇಂದು ಒಂದು ತೋಟದಲ್ಲಿ, ನಾಲ್ಕು ದಿನಕ್ಕೆ ಇನ್ನೊಂದರಲ್ಲಿ. ಗೊಬ್ಬರಕ್ಕಾಗಿ ತೆಂಗಿನ ತೋಟದವರು ಕರೆಯುತ್ತಾರೆ, ಇವರು ಹೋಗುತ್ತಾರೆ. ಅವಳು ಸುಳ್ಳು ಹೇಳಿರಲಿಲ್ಲ. ಎಲ್ಲಿದ್ದೀರಿ ಅಂತ ನಾವೇ ಕೇಳಿರಲಿಲ್ಲ. ಕೇಳಲು ನಮ್ಮಲ್ಲಿ ಕಾಲಮ್ಮೇ ಇರಲಿಲ್ಲ.

ಮಲೇರಿಯಾ ಅಣ್ಣ ಬೈಕ್ ಹತ್ತಿ ತೋಟ ತೋಟ ಸುತ್ತಿದ. ಹೊಸದುರ್ಗದ ಸುತ್ತ ತೆಂಗಿನ ತೋಟ ಹುಡುಕುವುದು ಅಂದರೆ ತಲೆಯಲ್ಲಿ ಕೂದಲು ಹುಡುಕಿದ ಹಾಗೆ. ಹೋದಲ್ಲೆಲ್ಲ ಒಂದೇ ಉತ್ತರ: “ಮೊನ್ನೆ ಇದ್ರಲ್ಲ!” ನಾನು ಪರದೆಯ ಮುಂದೆ ಕೂತು ಆ ಸಾಲನ್ನೇ ನೋಡುತ್ತಿದ್ದೆ. ಹೆಸರು, ವಯಸ್ಸು, ಊರು, ರಕ್ತದ ಫಲಿತಾಂಶ, ಎಲ್ಲ ಅಚ್ಚುಕಟ್ಟು. ‘ನೀನು ಎಲ್ಲಿದ್ರೂ ಹುಡುಕ್ತೈತೆ’ ಅಂದಿದ್ದೆನಲ್ಲ, ಆ ಮಾತು ಕಿವಿಯೊಳಗೆ ಸೊಳ್ಳೆಯ ಹಾಗೆ ಗುಂಯ್ ಅನ್ನುತ್ತಿತ್ತು.

ಆ ಸಂಜೆ ಊಟಕ್ಕೆ ಕೂತಾಗ ಅಜ್ಜಿ ಅಪ್ಪನನ್ನು ಕೇಳಿದಳು, “ಈ ಸಲ ತೋಟಕ್ಕೆ ಮಂದೆ ಹಾಕ್ಸಲ್ವೇನೋ?”

“ಹಾಕ್ಸಾಣ. ಈಗ ಎಲ್ಲವ್ರೋ ಯಾರಿಗ್ ಗೊತ್ತಮ್ಮ,” ಅಪ್ಪ ಮುದ್ದೆ ಮುರಿಯುತ್ತ ಅಂದರು. “ನಾಳೆ ಸಂತೆ ಐತಲ್ಲ, ಅಲ್ಲೇ ಹಿಡೀತೀನಿ. ಮಂದೆ ಎಲ್ಲಿದ್ರೂ ಉಪ್ಪು ಮೆಣಸಿನ್ಕಾಯಿಗೆ ಒಬ್ಬ ಬರಲೇಬೇಕು. ಅವ್ರು ಊರು ಬಿಡ್ತಾರೆ, ಸಂತೆ ಬಿಡಲ್ಲ.”

ಹುಟ್ಟಿದಾಗಿನಿಂದ ಒಂದು ಮುದ್ದೆಯನ್ನೂ ಅಗಿಯದೆ ನುಂಗಿದವಳು ನಾನು. ಅವತ್ತು ಅರ್ಧ ಮುದ್ದೆ ತಟ್ಟೆಯಲ್ಲೇ ಬಿಟ್ಟು, ಆ ಹುಡುಗಿ ಆಸ್ಪತ್ರೆಗೆ ಬಂದದ್ದೂ ಸಂತೆ ದಿನವೇ ಎಂದು ಬೆರಳಲ್ಲಿ ಲೆಕ್ಕ ಹಾಕಿದೆ.

ಮಾರನೇ ದಿನ ಮಲೇರಿಯಾ ಅಣ್ಣ ಮತ್ತು ನಾನು ಹೊಸದುರ್ಗದ ಸಂತೆಯಲ್ಲಿ ಇಳಿದೆವು. ಒಂದೇ ತೊಂದರೆ, ಅಪ್ಪನೂ ಅಲ್ಲೇ ಇದ್ದರು. ಮಂದೆಯವನೊಬ್ಬನ ಹತ್ತಿರ ಮಾತಾಡುತ್ತ ನಮ್ಮ ಕಡೆಗೇ ನಡೆದು ಬರುತ್ತಿದ್ದರು. ನಾನು ಕಂಬಳಿ ಮಾರುವವನ ರಾಶಿಯ ಹಿಂದೆ ಹಾರಿ, ಮೇಲೊಂದು ಕಂಬಳಿ ಎಳೆದುಕೊಂಡೆ.

“ತಗಳದಾದ್ರೆ ತಗಳಮ್ಮ, ಮಲಗದಾದ್ರೆ ಮನೆಗೆ ಹೋಗು,” ಅಂದ ಅವನು.

ಆ ಕಂಬಳಿಯೊಳಗೆ ಬೆವರುತ್ತಾ ಕೂತಿದ್ದಾಗಲೇ ಕೇಳಿಸಿತು: ಕರಕರ ಅನ್ನುವ ರೇಡಿಯೋ. ಒಣಮೆಣಸಿನಕಾಯಿ ಅಂಗಡಿಯ ಕಡೆಯಿಂದ. ಕಂಬಳಿ ಸಮೇತ ಓಡಿದೆ. ಕಂಬಳಿಯವನು ನನ್ನ ಹಿಂದೆ, ಮಲೇರಿಯಾ ಅಣ್ಣ ಅವನ ಹಿಂದೆ. ಅಪ್ಪ ತಿರುಗಿ ನೋಡಿದರು, ಆದರೆ ಸಂತೆಯಲ್ಲಿ ಕಂಬಳಿ ಓಡುವುದನ್ನು ಕಂಡು ಯಾರು ತಾನೇ ಮಗಳು ಅಂದುಕೊಳ್ಳುತ್ತಾರೆ?

“ಲೇ ಅಪ್ಪಯ್ಯ, ನಿನ್ನ ತಂಗಿ ಹೆಂಗವ್ಳೆ?” ಮಲೇರಿಯಾ ಅಣ್ಣ ಏದುಸಿರು ಬಿಡುತ್ತ ಕೇಳಿದ.

ರೇಡಿಯೋದವನು ಅದರ ಸದ್ದು ಅಡಗಿಸಿದ. “ನೀವು ಕೊಟ್ಟ ಮಾತ್ರೇಲಿ ಬಿಡ್ತಣ್ಣ. ಮತ್ತೆ ಬಂತು. ನಿನ್ನೆಯಿಂದ ಎದ್ದೇ ಇಲ್ಲ. ಮದ್ವೆ ಊಟಕ್ಕೆ ಕರೀತಾವ್ರೆ, ಹೋಗಾಣ ನಡಿ ಅಂತಾಳೆ. ಯಾರ್ ಮದ್ವೆನೂ ಇಲ್ಲ.”

ಹೊದ್ದಿದ್ದ ಕಂಬಳಿಯನ್ನು ಅದರ ಒಡೆಯನ ಕೈಗೆ ತುರುಕಿ ನಾನು ಬೈಕಿನ ಕಡೆ ಓಡಿದೆ.

ಮಂದೆ ಹೊಳಲ್ಕೆರೆ ರಸ್ತೆಯ ಒಂದು ತೋಟದಲ್ಲಿತ್ತು. ಒಂದು ಬೈಕಿನಲ್ಲಿ ಮೂವರೂ ಹೋದೆವು. ತೆಂಗಿನ ಮರದ ಬುಡದಲ್ಲಿ ಮಲಗಿದ್ದ ಅವಳು ನನ್ನನ್ನು ನೋಡಿದಳು, ಆದರೆ ಯಾರೆಂದು ಗೊತ್ತಾಗಲಿಲ್ಲ. ಬಾಯಿ ಮಾತ್ರ ಏನೋ ಗೊಣಗುತ್ತಿತ್ತು. ಮಲೇರಿಯಾ ಅಣ್ಣ ಬೈಕ್ ಹತ್ತಿದ, ಅವಳನ್ನು ನಡುವೆ ಕೂರಿಸಿ ಅವಳ ಅಣ್ಣ ಹಿಂದಿನಿಂದ ತಬ್ಬಿ ಹಿಡಿದ. ನನಗೆ ಜಾಗ ಇರಲಿಲ್ಲ.

“ನೀನು ಇಲ್ಲೇ ಇರವ್ವ, ಇವ್ರಜ್ಜಿ ಒಂದೇ ಐತೆ, ಮಂದೆ ನೋಡ್ಕ!” ಎಂದು ಮಲೇರಿಯಾ ಅಣ್ಣ ಕೂಗಿದ, ಹೊರಟೇಹೋದರು.

ಕಂಪ್ಯೂಟರ್ ಆಪರೇಟರ್ ಆದ ನಾನು ಹೀಗೆ ಮಂದೆ ಕಾದೆ. ಕುರಿಗಳು ನನ್ನನ್ನು ಒಂದು ಗಿಡ ಅಂತಲೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆ ಹುಡುಗಿಯ ಅಜ್ಜಿ ರಸ್ತೆಯನ್ನೇ ನೋಡುತ್ತ, “ಉಳೀತಾಳಾ ತಾಯಿ?” ಎಂದು ಮತ್ತೆ ಮತ್ತೆ ಕೇಳುತ್ತಿದ್ದಳು. “ನಮ್ಮ ಡಾಕ್ಟರಮ್ಮ ಅವ್ರೆ ಅಜ್ಜಿ,” ಎಂದು ಮತ್ತೆ ಮತ್ತೆ ಹೇಳುತ್ತಿದ್ದೆ. ಆ ನಡುವೆ ಒಂದು ಮೇಕೆ ನನ್ನ ಟ್ಯೂಷನ್ ಚೀಲಕ್ಕೆ ಬಾಯಿ ಹಾಕಿ, ಗಣಿತದ ನೋಟ್ಸನ್ನು ಮೊದಲಿನಿಂದ ಕೊನೆಯವರೆಗೆ ತಿಂದಿತು. ಆ ನೋಟ್ಸನ್ನು ಪೂರ್ತಿ ಮುಗಿಸಿದ ಜೀವ ಅದೊಂದೇ.

ಡಾಕ್ಟರಮ್ಮ ಆ ಹುಡುಗಿಗೆ ಕ್ವಿನೈನ್ ಡ್ರಿಪ್ ಹಾಕಿ, ಜೀಪಿನಲ್ಲಿ ತಾವೇ ಪಕ್ಕದಲ್ಲಿ ಕೂತು ಚಿತ್ರದುರ್ಗದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು. ಮೂರು ದಿನ ನಮ್ಮ ಆಸ್ಪತ್ರೆಯಲ್ಲಿ ಫೋನ್ ರಿಂಗಾದರೆ ಎಲ್ಲರೂ ಎದ್ದು ನಿಲ್ಲುತ್ತಿದ್ದರು. ಕೊನೆಗೆ ಅವಳ ಅಣ್ಣನೇ ಫೋನ್ ಮಾಡಿದ. ಎಚ್ಚರವಾಗಿ, ಗಂಜಿ ಕುಡಿದು, ಅವಳು ಕೇಳಿದ ಮೊದಲ ಪ್ರಶ್ನೆ ಇದಂತೆ: “ಆ ಪಿಚ್ಚರ್ ಬರ್ದಿರ ಟೀವಿ ನನ್ನ ಹುಡುಕ್ತಾ?”

“ಹೂಂ ಅನ್ನು,” ಅಂದೆ. ಆಮೇಲೆ ಫ್ರಿಜ್ಜಿನ ಹಿಂದೆ ಹೋಗಿ ನಿಂತು ಅತ್ತೆ. ಧೂಳು ಬಹಳ ಇತ್ತು ಅಲ್ಲಿ.

ಅವಳನ್ನು ಹುಡುಕಿದ್ದು ಕಂಪ್ಯೂಟರ್ ಅಲ್ಲ, ಮೆಣಸಿನಕಾಯಿ ಎಂದು ನನಗೆ ಗೊತ್ತಿತ್ತು. ಡಾಕ್ಟರಮ್ಮನಿಗೂ ಗೊತ್ತಿತ್ತು. ಚಿತ್ರದುರ್ಗದಿಂದ ಬಂದವರೇ ಅವರು ನನ್ನ ಪಕ್ಕ ಸ್ಟೂಲ್ ಎಳೆದುಕೊಂಡು ಕೂತರು.

“ಇನ್ನು ಮೇಲೆ ಊರು ಮಾತ್ರ ಕೇಳಬೇಡ. ಸಂತೆ ಕೇಳು. ಯಾವ ಸಂತೆಗೆ ಬರ್ತೀರಿ ಅಂತ. ಇನ್ನೊಂದು ಕಾಲಂ ಹಾಕು: ಮಾತ್ರೆ ನುಂಗಿಸೋರು ಯಾರು. ರೋಗಿ ಹೆಸರಿಗಿಂತ ಆ ಹೆಸರು ನನಗೆ ಮುಖ್ಯ.”

ಎರಡೇ ಕಾಲಂ. ಅವನ್ನು ಕೂರಿಸಲು ನಾನು ಪಟ್ಟ ಪಾಡನ್ನು ಬೆಟ್ಟದ ಮೇಲೆ ಕೋಟೆ ಕಟ್ಟಿದವರೂ ಪಟ್ಟಿರಲಾರರು. ಹಳೆಯ ಸಾಲುಗಳಿಗೆಲ್ಲ ಮತ್ತೆ ಕೇಳಿ ಕೇಳಿ ತುಂಬಿಸಬೇಕಿತ್ತು. ತಿಂಗಳ ವರದಿ ಹೋದ ಮೇಲೆ ಜಿಲ್ಲೆಯ ಕಚೇರಿಯಿಂದ ಫೋನ್ ಬಂತು. “ಏನ್ರೀ ಮೇಡಂ, ಊರಿನ ಪಕ್ಕ ಸಂತೆ ಅಂತ ಬಂದೈತೆ? ನಮ್ಮ ಫಾರಂನಾಗೆ ಸಂತೆ ಇಲ್ವಲ್ರೀ?” ಡಾಕ್ಟರಮ್ಮ ಮೆಲ್ಲಗೆ ಅಂದರು, “ಊರು ನಿಮಗೆ ಸಾರ್, ಸಂತೆ ನಮಗೆ. ಎರಡೂ ಇರಲಿ.” ಅವರು ನಕ್ಕು, ಇರಲಿ ಬಿಡ್ರಿ ಅಂದರು.

ಅಂದಿನಿಂದ ಪ್ರತಿ ಸಂತೆಯ ಬೆಳಿಗ್ಗೆ ನಮ್ಮ ಪ್ರಿಂಟರ್, ಯಾರೋ ಕತ್ತು ಹಿಸುಕಿದ ಹಾಗೆ ಕಿರುಚಿಕೊಂಡು, ಒಂದು ಹಾಳೆ ಕಕ್ಕುತ್ತಿತ್ತು. ಆ ಸಂತೆಗೆ ಬರುವವರಲ್ಲಿ ಯಾರ ರಕ್ತದಲ್ಲಿ ರೋಗ ಸಿಕ್ಕಿದೆ, ಯಾರ ಮಾತ್ರೆ ಅರ್ಧಕ್ಕೆ ನಿಂತಿದೆ, ಅವರಿಗೆ ಮಾತ್ರೆ ನುಂಗಿಸುವವರು ಯಾರು, ಎಲ್ಲ ಅದರಲ್ಲಿ. ಮಲೇರಿಯಾ ಅಣ್ಣ ಮೆಣಸಿನಕಾಯಿ ಅಂಗಡಿಯ ಪಕ್ಕ ಒಂದು ಮೇಜು ಹಾಕಿಕೊಂಡು, ಸೀನುತ್ತ ಸೀನುತ್ತ ಹೆಸರು ಕೂಗುತ್ತಿದ್ದ. ಜ್ವರ ಎದ್ದು ಬಂದವರು ಹೊಸ ರೋಗಿಯೆಂದು ಹೊಸ ಸಾಲು ಸೇರುವುದು ನಿಂತಿತು. ಅವರ ಹಳೆಯ ಸಾಲು ಅವರಿಗಾಗಿ ಕಾದಿರುತ್ತಿತ್ತು. ಒಂದು ಸಂತೆಯಲ್ಲಿ ಆ ಹುಡುಗಿಯೇ ಬಂದಳು. ನಮ್ಮ ಆಸ್ಪತ್ರೆಗೂ ಬಂದು, ಕಂಪ್ಯೂಟರಿನ ತಲೆ ಸವರಿ, “ಪರ್ವಾಗಿಲ್ಲ, ಮೇಕೆಯಷ್ಟು ಬುದ್ಧಿ ಬಂದೈತೆ,” ಅಂದಳು.

ಜಂಬ ನನ್ನ ಹುಟ್ಟುಗುಣ, ಬಿಡಿ. ಆದರೂ ಒಂದು ಮಾತು ಸೋಗಿಲ್ಲದೆ ಹೇಳುತ್ತೇನೆ. ಬಂದವಳಿಗೆ ‘ಕೂತ್ಕೊ’ ಅಂದ ಡಾಕ್ಟರಮ್ಮ, ಬೆನ್ನು ಮುರಿಯುವಷ್ಟು ಬೈಕ್ ಓಡಿಸಿದ ಮಲೇರಿಯಾ ಅಣ್ಣ, ನನ್ನ ಕಂಪ್ಯೂಟರನ್ನು ಕುರಿಗಿಂತ ದಡ್ಡು ಅಂದ ಆ ಹುಡುಗಿ, ಇವರು ಇಲ್ಲದಿದ್ದರೆ ನಾನು ಇವತ್ತಿಗೂ ಏಳು ಬಣ್ಣದಲ್ಲಿ ನನ್ನ ಹೆಸರನ್ನೇ ಬರೆಯುತ್ತ ಇರುತ್ತಿದ್ದೆ. ಇನ್ನೊಬ್ಬರೂ ಇದ್ದಾರೆ. ಅವರಿಗೆ ಹೇಳುವ ಧೈರ್ಯ ಆಗಿರಲಿಲ್ಲ.

ಅವರು ಒಂದು ಬೆಳಿಗ್ಗೆ ತಾವೇ ಬಂದರು. ಬಾಗಿಲಲ್ಲಿ ಕಂಬಳಿ ಹೊದ್ದ ಒಂದು ಆಕಾರ ಗಡಗಡ ನಡುಗುತ್ತ ನಿಂತಿತು. “ಬರ್ರಿ, ಕುಂತ್ಕಳ್ರಿ,” ಅಂದೆ ಪರದೆಯಿಂದ ಕಣ್ಣು ಎತ್ತದೆ. “ಹೆಸ್ರು?”

“ಯಾಕೆ, ಗೊತ್ತಿಲ್ವಾ?”

ಅಪ್ಪ.

ಓಡಲು ಕಿಟಕಿ ಇತ್ತು, ಸರಳೂ ಇತ್ತು. “ರೋಗಿನೇ ಹೇಳ್ಬೇಕು, ರೂಲ್ಸು,” ಅಂದೆ, ಸೊಳ್ಳೆಯ ದನಿಯಲ್ಲಿ.

ಅಪ್ಪ ಹೆಸರು ಹೇಳಿದರು. ವಯಸ್ಸು ಹೇಳಿದರು.

“ಸಂತೆ?”

“ಹೊಸದುರ್ಗ. ನೀನು ದಿನಾ ಟೂಷನ್‌ಗೆ ಹೋಗೋ ಊರು.”

ರಕ್ತ ತೆಗೆಯಲು ಬಂದ ಮಲೇರಿಯಾ ಅಣ್ಣ ಅಪ್ಪನಿಗಿಂತ ಜಾಸ್ತಿ ನಡುಗುತ್ತಿದ್ದ. “ಸಾ, ಬೆರಳು ಕೊಡ್ರಿ ಸಾ.”

“ಕೈ ನಡುಗ್ಬಾರ್ದು ಕಣಲೇ. ನಾನೇನು ಮಗ್ಗಿ ಕೇಳ್ತಿಲ್ಲ.”

ಲ್ಯಾಬಿನವರು ಅಲ್ಲೇ ನೋಡಿ ಹೇಳಿದರು: ಮಾಮೂಲಿ ಜಾತಿ, ಹೆದರಬೇಕಿಲ್ಲ, ಎರಡು ವಾರ ಬಿಡದೆ ಮಾತ್ರೆ. ಡಾಕ್ಟರಮ್ಮ ಬಂದು ಎಲ್ಲವನ್ನೂ ಹೇಳಿಬಿಟ್ಟರು: ಹುಡುಗಿ, ಮೆಣಸಿನಕಾಯಿ, ಊಟದ ಹೊತ್ತಿನಲ್ಲಿ ಅಪ್ಪ ಆಡಿದ ಮಾತು, ಮೇಕೆ. ಅಪ್ಪ ಪರದೆಯನ್ನು ಬಹಳ ಹೊತ್ತು ನೋಡಿದರು.

“ಇದ್ರಾಗೆ ಮಾತ್ರೆ ಬಿಟ್ಟೋರು ನೂರಕ್ಕೆ ಎಷ್ಟು ಜನ ಅಂತ ಹೆಂಗೆ ತೆಗೀತೀಯ?”

ಹೇಳಿದೆ. ಬಿಟ್ಟವರನ್ನು ಒಟ್ಟು ರೋಗಿಗಳಿಂದ ಭಾಗಿಸಿ, ನೂರರಿಂದ ಗುಣಿಸಿ.

“ಹೂಂ. ಶೇಕಡಾ ಬರ್ತೈತೆ.” ಆಮೇಲೆ ನನ್ನ ಟ್ಯೂಷನ್ ಚೀಲದ ಕಡೆ ನೋಡಿದರು. “ಮೇಕೆ ನಿಜವಾಗ್ಲೂ ನೋಟ್ಸ್ ತಿಂತಾ?”

“ನಿಜ ಅಪ್ಪಾ. ನೋಟ್ಸ್ ಎಲ್ಲಿ ಅಂದಾಗ ಅವತ್ತೇ ಹೇಳಿದ್ನಲ್ಲ, ಯಾರೂ ನಂಬ್ಲಿಲ್ಲ.”

ಒಂದು ಕಾಲಂ ಉಳಿದಿತ್ತು. ಕೇಳಲೋ ಬೇಡವೋ ಅಂತ ಡಾಕ್ಟರಮ್ಮನ ಮುಖ ನೋಡಿದೆ. ಕೇಳು ಎಂದು ತಲೆಯಾಡಿಸಿದರು.

“ಮಾತ್ರೆ ನುಂಗಿಸೋರು ಯಾರು?”

ಅಪ್ಪ ಕಂಬಳಿಯನ್ನು ಬಿಗಿಯಾಗಿ ಹೊದ್ದುಕೊಂಡು ಎದ್ದರು. ನನ್ನ ಟ್ಯೂಷನ್ ಚೀಲವನ್ನು ಕುರ್ಚಿಯಿಂದ ತೆಗೆದು ತಮ್ಮ ಹೆಗಲಿಗೆ ಹಾಕಿಕೊಂಡರು.

“ಮಗಳು ಅಂತ ಬರ್ಕ,” ಅಂದರು. “ಎರಡು ವಾರ ಮನೇಲೇ ಇರ್ತಾಳೆ. ನಂಗೆ ಅವಳು ಮಾತ್ರೆ ನುಂಗಿಸ್ಲಿ, ಅವಳಿಗೆ ನಾನು ಲೆಕ್ಕ ನುಂಗಿಸ್ತೀನಿ.”